ಕೊಬ್ಬರಿ ಎಣ್ಣೆ ಹಚ್ಚಿದ ಸೈಕಲ್ಲು

ನನ್ನ ಮೊಮ್ಮಗಳು ಒಬ್ಬಳೇ ಸೈಕಲ್ ತುಳಿದುಕೊಂಡು ಸ್ಕಾಟ್ಲೆಂಡ್ ಸುತ್ತಲು ಹೊರಟಿದ್ದಾಳೆ ಎಂದು ನಾನು ಹೇಳದೆ ಬಿಟ್ಟ ಮನೆ ಅಮೆರಿಕದ ವುಡಿನ್‌ವಿಲ್ಲಿನ ನಮ್ಮ ಬೀದಿಯಲ್ಲಿ ಒಂದೂ ಇರಲಿಲ್ಲ. ಇಂಗ್ಲಿಷ್ ಬಾರದವಳು ಹೇಗೆ ಹೇಳಿದೆ ಅಂತೀರಾ? ಎರಡು ಕೈಯಲ್ಲಿ ಹ್ಯಾಂಡಲ್ ಹಿಡಿದ ಹಾಗೆ ಮಾಡಿ, "ಗ್ರ್ಯಾಂಡ್‌ಡಾಟರ್, ಸ್ಕಾಟ್ಲೆಂಡ್" ಎಂದು ಒಂದು ಬೆರಳು ಎತ್ತಿ ತೋರಿಸಿದರೆ ಆಯಿತು. ಎದುರು ಮನೆಯ ಮುದುಕ ನಾಯಿಯ ಹಗ್ಗ ಕೈಬಿಟ್ಟು ಚಪ್ಪಾಳೆ ತಟ್ಟಿದ. ಆ ನಾಯಿಯನ್ನು ಹಿಡಿಯಲು ನಾವಿಬ್ಬರೂ ಓಡಬೇಕಾಯಿತು. ಅಷ್ಟು ಖುಷಿ ನನಗೆ. ಅನ್ನ ಕಲಸುವಾಗಲೂ ನಗು ಬರುತ್ತಿತ್ತು.

ಯಾಕೆ ಅಷ್ಟು ಖುಷಿ ಎಂದರೆ ತಿಪಟೂರಿನ ಮಾತು ಹೇಳಬೇಕು. ಅಲ್ಲಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ನಮ್ಮದು ಬಾಡಿಗೆ ಸೈಕಲ್ ಅಂಗಡಿ. ಯಜಮಾನರು ತೀರಿಕೊಂಡ ಮೇಲೆ ಇಪ್ಪತ್ತು ವರ್ಷಕ್ಕೂ ಮೇಲೆ ಅದನ್ನು ನಾನೇ ನಡೆಸಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಆ ಅಂಗಡಿಯೇ ಮುಂದಿನ ಶಾಲೆ. ಪಂಚರ್ ಹಾಕುವುದು, ಚಕ್ರದ ಬೆಂಡ್ ತೆಗೆಯುವುದು, ಪೂರ್ತಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಓವರಾಯಿಲ್ ಮಾಡುವುದು, ಎಲ್ಲ ಬರುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಕೂತೆನೆಂದರೆ ಮಧ್ಯಾಹ್ನದ ಊಟ ಮರೆತುಹೋಗುತ್ತಿತ್ತು. ಆದರೆ ಇಷ್ಟು ಸೈಕಲ್ ರಿಪೇರಿ ಮಾಡಿದವಳು ಒಂದು ದಿನವೂ ಸೈಕಲ್ ಹತ್ತಿದವಳಲ್ಲ. ಮೊದಲು ಅತ್ತೆ ಬಿಡಲಿಲ್ಲ, ಆಮೇಲೆ ನಾಚಿಕೆ ಬಿಡಲಿಲ್ಲ, ಕೊನೆಗೆ ಮಂಡಿ ಬಿಡಲಿಲ್ಲ.

ಈಗ ಮಗಳ ಮನೆಯಲ್ಲಿ ನಾವು ಮೂವರು ಹೆಂಗಸರೇ. ಮಗಳು ಎವರೆಟ್‌ನಲ್ಲಿ ವಿಮಾನ ಕಟ್ಟುವ ಕಡೆ ಕೆಲಸ ಮಾಡುತ್ತಾಳೆ. ಅಲ್ಲಿ ನಟ್ಟು ಬೋಲ್ಟು ಸಡಿಲ ಇದೆಯೇ ಎಂದು ನೋಡುವುದು ಇವಳ ಗುಂಪಿನ ಕೆಲಸವಂತೆ. ಅದಕ್ಕೇ ಏನೋ, ಮನೆಯಲ್ಲೂ ಎಲ್ಲ ಸಡಿಲವಾಗಿಯೇ ಕಾಣುತ್ತದೆ ಅವಳಿಗೆ. ಮೊಮ್ಮಗಳು ಪ್ರಯಾಣದ ವಿಷಯ ತೆಗೆದ ದಿನ ಊಟದ ಟೇಬಲ್ಲಿನ ಮೇಲೆ ದೊಡ್ಡ ಜಗಳವೇ ಆಯಿತು.

"ಒಬ್ಳೇನಾ? ಆ ಗುಡ್ಡದಲ್ಲಿ? ಎರಡು ವಾರ? ನೋ ಚಾನ್ಸ್," ಎಂದಳು ಮಗಳು.

ಮೊಮ್ಮಗಳು ಇಂಗ್ಲಿಷಿನಲ್ಲಿ ಏನೇನೋ ಕೂಗಿದಳು. ಅವಳು ಅಮ್ಮನ ಜೊತೆ ಇಂಗ್ಲಿಷು, ನನ್ನ ಜೊತೆ ಮಾತ್ರ ಕನ್ನಡ. ನಾನು ಮಜ್ಜಿಗೆ ಲೋಟ ಕೆಳಗಿಟ್ಟು ನಡುವೆ ಬಾಯಿ ಹಾಕಿದೆ.

"ಹೋಗ್ಲಿ ಬಿಡೇ. ಇಪ್ಪತ್ಮೂರು ವರ್ಷದ ಹುಡುಗಿ. ಸೈಕಲ್ ತಾನೇ ಕೇಳ್ತಿರೋದು, ನಿನ್ನ ವಿಮಾನ ಕೇಳ್ತಾ ಇಲ್ವಲ್ಲ."

"ಅಮ್ಮ, ನಿಂಗೊತ್ತಾಗಲ್ಲ. ಅಲ್ಲಿ ಫೋನ್ ಕೂಡ ಸಿಗಲ್ಲ."

"ಸೈಕಲ್ಲಿಗೆ ನಾನು ಜವಾಬ್ದಾರಿ. ನಾನೇ ನೋಡಿ ಕಳಿಸ್ತೀನಿ."

"ನೀನು ನೋಡಿರೋದು ತಿಪಟೂರಿನ ಸೈಕಲ್ ಕಣಮ್ಮ."

"ಎಲ್ಲೋದ್ರೂ ಎರಡೇ ಚಕ್ರ," ಎಂದೆ. ಮೊಮ್ಮಗಳು ಕುಣಿದುಬಂದು ನನ್ನ ಕೆನ್ನೆ ಹಿಂಡಿದಳು. ಮಗಳು ತಟ್ಟೆ ಎತ್ತಿಕೊಂಡು ಎದ್ದುಹೋದಳು. ಹಾಗೆ ಅನುಮತಿ ಸಿಕ್ಕಿತು. ಕೊಡಿಸಿದವಳು ನಾನು.

ಹೊರಡುವ ಹಿಂದಿನ ದಿನ ತಾಯಿ ಮಗಳು ಟಕ್ವಿಲಾದ ಮಾಲಿಗೆ ಮಳೆ ಕೋಟು ತರಲು ಹೋದರು. ಮನೆಯಲ್ಲಿ ನಾನೊಬ್ಬಳೇ. ಗ್ಯಾರೇಜಿನ ಬಾಗಿಲು ಎತ್ತಿ ಬೆಳಕು ಬಿಟ್ಟುಕೊಂಡು, ಸೈಕಲ್ಲನ್ನು ಗೋಡೆಗೆ ಒರಗಿಸಿ, ಪೂಜೆಗೆ ಕೂತೆ. ನಮ್ಮ ಅಂಗಡಿಯಲ್ಲಿ ಆಯುಧಪೂಜೆ ಬಂತೆಂದರೆ ಒಂದು ಕ್ರಮವಿತ್ತು. ಮೊದಲು ಮಣ್ಣು ಒರೆಸಿ, ಆಮೇಲೆ ಕಬ್ಬಿಣ ಕಾಣುವ ಕಡೆಯೆಲ್ಲ ಬಟ್ಟೆಯಲ್ಲಿ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಬೇಕು. ತೆಂಗಿನ ಸೀಮೆಯವರು ನಾವು, ಬೇರೆ ಎಣ್ಣೆ ತರುವವರು ಯಾರು? ಚಕ್ರದ ನಡುವಿನ ಹಬ್ಬು ಕನ್ನಡಿಯಂತೆ ಹೊಳೆಯಬೇಕು. ಅದಾದ ಮೇಲೆ ಕುಂಕುಮ, ಹೂವು, ಗಾಲಿ ಕೆಳಗೆ ನಿಂಬೆಹಣ್ಣು.

ಒಂದು ಕಡೆ ಮಾತ್ರ ಎಣ್ಣೆ ಮುಟ್ಟಬಾರದು. ಅದು ರಿಮ್ಮು, ಟೈರು ಕೂರುವ ಬಳೆ. ಬ್ರೇಕಿನ ರಬ್ಬರು ರಿಮ್ಮನ್ನು ಹಿಡಿಯುತ್ತದೆ. ಅಲ್ಲಿ ಎಣ್ಣೆ ಬಿದ್ದರೆ ಸೈಕಲ್ ನಿಲ್ಲುವುದಿಲ್ಲ. ಇದನ್ನು ಯಜಮಾನರು ಮದುವೆಯಾದ ಹೊಸತರಲ್ಲೇ ನನಗೆ ಹೇಳಿಕೊಟ್ಟಿದ್ದರು. ಈ ಗ್ಯಾರೇಜಿನಲ್ಲೂ ನಾನು ಎಷ್ಟು ಹುಷಾರಾಗಿದ್ದೆ! ರಿಮ್ಮಿಗೆ ಒಂದು ಹನಿ ತಾಗದ ಹಾಗೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಒರೆಸಿದೆ. ಹಬ್ಬಿನ ಪಕ್ಕದಲ್ಲಿ ತೂತು ತೂತಿನ ಒಂದು ಉಕ್ಕಿನ ತಟ್ಟೆ ಇತ್ತು, ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು. ಹೊಸ ಕಾಲದ ಷೋಕಿ ಅಂದುಕೊಂಡೆ. ಮಂಕಾಗಿ ಕಂಡಿತು. ಎರಡು ಸಲ ಎಣ್ಣೆ ಹಾಕಿ, ತೂತಿನೊಳಗೂ ಕಡ್ಡಿಗೆ ಬಟ್ಟೆ ಸುತ್ತಿ ತೂರಿಸಿ, ಮುಖ ಕಾಣುವಂತೆ ಉಜ್ಜಿದೆ.

ಅವರು ಬಂದು ನೋಡಿದಾಗ ಮೊಮ್ಮಗಳು, "ಅಜ್ಜಿ, ಇದು ನನ್ ಸೈಕಲ್ಲಾ?" ಎಂದು ಕಿರುಚಿದಳು. ಫೋಟೋ ತೆಗೆದಳು. ಆ ಸಂಜೆಯೇ ಬಿಚ್ಚಿ ರಟ್ಟಿನ ಡಬ್ಬದಲ್ಲಿ ತುಂಬಿದಳು. ಯಾರೂ ಒಂದು ಸುತ್ತು ಓಡಿಸಿ ನೋಡಲಿಲ್ಲ.

ಅಲ್ಲಿ ಮುಟ್ಟಿ, ಜೋಡಿಸಿ, ತುಳಿಯಲು ಶುರುಮಾಡಿದ ದಿನ ಫೋನ್ ಮಾಡಿದಳು. ನಮಗೆ ಬೆಳಿಗ್ಗೆ ಹತ್ತು ಗಂಟೆ, ಅವಳಿಗೆ ಸಂಜೆ ಆರು. ಎಲ್ಲ ಚೆನ್ನಾಗಿದೆ, ಕುರಿ ಬಿಟ್ಟರೆ ಯಾರೂ ಇಲ್ಲ ಎಂದು ನಗುತ್ತಿದ್ದಳು. ಆಮೇಲೆ ಹೇಳಿದಳು, "ಅಜ್ಜಿ, ಬ್ರೇಕ್ ಹಿಡಿದ್ರೆ ಕುಂಯ್ ಅಂತ ಕೂಗುತ್ತೆ. ಸ್ವಲ್ಪ ಲೇಟಾಗಿ ನಿಲ್ಲುತ್ತೆ."

"ಮಳೇಲಿ ನೆಂದಿದ್ಯಾ?"

"ಹ್ಞೂಂ. ಇಲ್ಲಿ ಎಲ್ಲಾ ಟೈಮ್ ಮಳೆ."

"ಹಂಗಾದ್ರೆ ನೀರಿಗೆ ಕೂಗ್ತಿದೆ ಅಷ್ಟೇ. ತುಳೀತಾ ತುಳೀತಾ ಸರಿ ಹೋಗುತ್ತೆ, ಯೋಚ್ನೆ ಮಾಡ್ಬೇಡ."

ಅವಳು ಯೋಚನೆ ಮಾಡಲಿಲ್ಲ. ಮೆಕ್ಯಾನಿಕ್ಕೇ ಹೇಳಿದ ಮೇಲೆ ಯಾಕೆ ಮಾಡುತ್ತಾಳೆ?

ಮೊದಲ ಎರಡು ದಿನ ದಾರಿ ಅಷ್ಟೇನೂ ಕಷ್ಟ ಇರಲಿಲ್ಲವಂತೆ. ಸೋಮವಾರ ಸಂದೇಶ ಬಂತು. ಮರುದಿನ ಒಂದು ದೊಡ್ಡ ಗುಡ್ಡ ಹತ್ತಿ ಆಚೆ ಇಳಿದು ಸಮುದ್ರದ ಪಕ್ಕದ ಊರು ಸೇರುವುದಂತೆ. ಆ ದಾರಿಯ ಹೆಸರು ಅವರ ಹಳೇ ಭಾಷೆಯಲ್ಲಿ ದನಗಳ ಕಣಿವೆ ಅಂತಂತೆ; ಹಿಂದೆ ದನ ಹೊಡೆದುಕೊಂಡು ಹೋಗುತ್ತಿದ್ದ ದಾರಿ. ಅದನ್ನು ಕೇಳಿ ನನಗೆ ಹೊಟ್ಟೆ ತಣ್ಣಗಾಯಿತು. ದನ ಹೋಗುವ ದಾರಿಯಲ್ಲಿ ನನ್ನ ಕೂಸು ಹೋಗದಿರುತ್ತದೆಯೇ ಎಂದುಕೊಂಡೆ.

ಮಂಗಳವಾರ ಬೆಳಿಗ್ಗೆ ಎಂದಿನಂತೆ ನದಿ ಪಕ್ಕದ ಸೈಕಲ್ ದಾರಿಯಲ್ಲಿ ನಡೆಯಲು ಹೋದೆ. ಆ ದಾರಿಯಲ್ಲಿ ಒಂದು ರಿಪೇರಿ ಅಂಗಡಿ ಇದೆ. ನಡೆಸುವವಳು ಐವತ್ತು ದಾಟಿದ ಬಿಳಿ ಹೆಂಗಸು. ಮೊಣಕೈವರೆಗೆ ಗ್ರೀಸು, ಅದರ ಕೆಳಗೆ ಹಚ್ಚೆ. ಅವಳಿಗೆ ನನ್ನ ಭಾಷೆ ಬಾರದು, ನನಗೆ ಅವಳದು ಬಾರದು. ಆದರೂ ನಾನು ಅವಳ ಬಾಗಿಲ ಬೆಂಚಿನಲ್ಲಿ ದಿನಾ ಅರ್ಧ ಗಂಟೆ ಕೂರುತ್ತಿದ್ದೆ. ಅವಳು ಸ್ಪ್ಯಾನರ್ ಹಿಡಿಯುವ ಠೀವಿ ನೋಡಿಯೇ ಒಳ್ಳೆಯ ಕೆಲಸಗಾರ್ತಿ ಎಂದು ಗೊತ್ತಾಗುತ್ತಿತ್ತು.

ಅವತ್ತು ಒಂದು ಸೈಕಲ್ಲನ್ನು ಸ್ಟ್ಯಾಂಡಿಗೆ ತೂಗುಹಾಕಿದ್ದಳು. ಅದಕ್ಕೂ ಅಂಥದೇ ತೂತಿನ ತಟ್ಟೆ, ಹೊಳೆಯುತ್ತಿತ್ತು. ನಾನು ಸಂತೋಷವಾಗಿ ಆ ತಟ್ಟೆಯನ್ನು ತೋರಿಸಿ, ಬಟ್ಟೆಯಲ್ಲಿ ಉಜ್ಜುವ ಹಾಗೆ ಮಾಡಿ, "ಆಯಿಲ್? ಗುಡ್?" ಎಂದೆ. ಅವಳು ಗಾಬರಿಯಾಗಿ "ನೋ, ನೋ, ನೋ" ಎಂದು ಎರಡೂ ಕೈ ಅಲ್ಲಾಡಿಸಿದಳು. ನನಗೆ ಅರ್ಥವಾಗಲಿಲ್ಲ ಎಂದು ಅವಳಿಗೆ ಅರ್ಥವಾಯಿತು. ಚಕ್ರವನ್ನು ಕೈಯಿಂದ ಜೋರಾಗಿ ತಿರುಗಿಸಿದಳು. ಬ್ರೇಕ್ ಹಿಡಿದಳು. ಹಿಡಿಕೆ ಹ್ಯಾಂಡಲ್ಲಿಗೆ ತಾಗುವವರೆಗೆ ಒತ್ತಿದಳು. ಚಕ್ರ ತಿರುಗುತ್ತಲೇ ಇತ್ತು, ಕುಂಯ್ ಎಂದು ಕೂಗುತ್ತ. ತಟ್ಟೆಯ ಮೇಲೆ ಬೆರಳು ಎಳೆದು ನನಗೆ ತೋರಿಸಿದಳು. ಎಣ್ಣೆ. ಯಾರೋ ಚೈನಿಗೆ ಬಿಡಲು ಹೋಗಿ ಅಲ್ಲಿಗೆ ಚಿಮ್ಮಿಸಿದ್ದರು. ಆಮೇಲೆ ಅವಳು ತಟ್ಟೆಯನ್ನು ಎರಡು ಕಡೆಯಿಂದ ಕಚ್ಚಿಕೊಂಡಿದ್ದ ಪುಟ್ಟ ಪ್ಯಾಡುಗಳನ್ನು ಕಿತ್ತು, ಮೂಸಿ, ಕಸದ ಬುಟ್ಟಿಗೆ ಎಸೆದಳು.

ಮಾತು ಬೇಕಿರಲಿಲ್ಲ. ನಾನೂ ಅದೇ ಕಸುಬಿನವಳಲ್ಲವೇ? ರಿಮ್ಮನ್ನು ಹಿಡಿಯುವ ಬ್ರೇಕೇ ಈ ಸೈಕಲ್ಲಿಗೆ ಇಲ್ಲ. ಆ ತಟ್ಟೆಯೇ ಬ್ರೇಕು. ನಾನು ಎರಡು ಸಲ ಎಣ್ಣೆ ಹಾಕಿ, ತೂತಿನೊಳಗೂ ಬಿಡದೆ, ಉಜ್ಜಿ ಉಜ್ಜಿ ಹಚ್ಚಿದ್ದು ನನ್ನ ಮೊಮ್ಮಗಳ ಬ್ರೇಕಿಗೆ. ಅದು ಕೂಗಿ ಹೇಳಿತ್ತು. ನಾನು ಮಳೆ ನೀರು ಎಂದೆ.

ಆ ಹೆಂಗಸು ನೀರು ತಂದುಕೊಟ್ಟಳು. ಕುಡಿದೆನೋ ಚೆಲ್ಲಿದೆನೋ. ಒಂಬತ್ತೂವರೆ ಆಗಿತ್ತು. ಅಲ್ಲಿ ಸಂಜೆ ಐದೂವರೆ. ಅಷ್ಟು ಹೊತ್ತಿಗೆ ಅವಳು ಗುಡ್ಡ ಹತ್ತಿ ಇಳಿದಾಗಿರಬೇಕು. ಅಥವಾ.

ಮನೆಗೆ ಹೇಗೆ ಬಂದೆನೋ ಗೊತ್ತಿಲ್ಲ. ಮಂಗಳವಾರ ಮಗಳು ಮನೆಯಿಂದಲೇ ಕೆಲಸ ಮಾಡುವ ದಿನ. ಮಹಡಿಯ ಮೇಲೆ ಮೀಟಿಂಗಿನಲ್ಲಿ ಇದ್ದಳು. ನಾನು ಫೋನು ತೊಡೆಯ ಮೇಲಿಟ್ಟುಕೊಂಡು ಅಡಿಗೆಮನೆಯ ಕುರ್ಚಿಯಲ್ಲಿ ಕೂತೆ. ಅವಳು ಎಲ್ಲಿದ್ದಾಳೆ ಎಂದು ತೋರಿಸುವ ನೀಲಿ ಚುಕ್ಕಿ ಗುಡ್ಡದ ತಲೆಯ ಹತ್ತಿರ ನಿಂತಿತ್ತು. ಹತ್ತಾಯಿತು. ಹತ್ತೂವರೆ. ಚುಕ್ಕಿ ಅಲ್ಲೇ. ದೇವರ ಮನೆಗೆ ಹೋದೆ, ಕೈ ಮುಗಿಯಲು ಆಗಲಿಲ್ಲ. ಈ ಕೈಯನ್ನು ಯಾವ ದೇವರಿಗೆ ತೋರಿಸಲಿ? ನೂರಾರು ಜನರ ಮಕ್ಕಳನ್ನು ಈ ಕೈ ಸುರಕ್ಷಿತವಾಗಿ ಮನೆ ಮುಟ್ಟಿಸಿದೆ ಎಂದು ಎಷ್ಟು ಜಂಬ ಇತ್ತು ನನಗೆ. ಕುಂಕುಮ ಇಟ್ಟು, ಹೂ ಮುಡಿಸಿ, ನನ್ನ ಮಗುವನ್ನು ನಾನೇ ಕೊಂದೆ ಅನಿಸಿತು. ಆ ಮಾತನ್ನು ಆಡಬಾರದು, ಆದರೆ ಅನಿಸಿದ್ದು ಅದೇ.

ಹನ್ನೆರಡಕ್ಕೆ ಮಗಳು ಕೆಳಗೆ ಬಂದು, "ಕಾಲ್ ಬಂತಾ?" ಎಂದಳು. ನಾನು ತಲೆ ಅಲ್ಲಾಡಿಸಿದೆ. ಅವಳು ಮೊಮ್ಮಗಳು ಉಳಿಯಬೇಕಿದ್ದ ಹಾಸ್ಟೆಲಿಗೆ ಫೋನ್ ಹಚ್ಚಿದಳು. ಇಂಗ್ಲಿಷಿನಲ್ಲಿ ಮಾತಾಡುತ್ತ ಮಾತಾಡುತ್ತ ಅವಳ ದನಿ ಸಣ್ಣದಾಯಿತು.

"ಬಂದಿಲ್ವಂತೆ. ಮೇಲೆ ತುಂಬಾ ಮಂಜಂತೆ. ಬೆಳಿಗ್ಗೆವರೆಗೂ ನೋಡಿ ಪೊಲೀಸ್‌ಗೆ ಹೇಳ್ತಾರಂತೆ," ಎಂದಳು. ನನ್ನ ಮುಖ ನೋಡಿದಳು. "ಅಮ್ಮ? ಯಾಕೆ ಹಿಂಗಾಗಿದೀಯ? ಟೆಂಟ್ ಇದೆ ಅವಳ ಹತ್ರ, ಏನಾಗಲ್ಲ."

ಅವಳು ನನಗೆ ಸಮಾಧಾನ ಹೇಳಿದ್ದನ್ನು ತಡೆದುಕೊಳ್ಳಲು ಆಗಲಿಲ್ಲ. ಎಲ್ಲ ಹೇಳಿದೆ. ಎಣ್ಣೆ, ತಟ್ಟೆ, ಕೂಗಿದ್ದು, ಮಳೆ ನೀರು ಎಂದದ್ದು. ಅವಳು ನಿಂತಲ್ಲೇ ನಿಂತು ಕೇಳಿದಳು.

"ಡಿಸ್ಕ್ ಬ್ರೇಕಿಗೆ ಎಣ್ಣೆ ಹಾಕಿದ್ಯಾ?"

"ಹ್ಞೂಂ."

"ಎರಡಕ್ಕೂ?"

"ಎರಡಕ್ಕೂ."

"ನಿಂಗ್ಯಾರಮ್ಮ ಹೇಳಿದ್ದು ಮುಟ್ಟು ಅಂತ? ಗೊತ್ತಿಲ್ದೆ ಇರೋದನ್ನ ಗೊತ್ತಿಲ್ಲ ಅಂತ ಒಂದ್ಸಲ ಆದ್ರೂ ಹೇಳಿದೀಯಾ ಲೈಫಲ್ಲಿ? ಜವಾಬ್ದಾರಿ ಅಂದ್ಯಲ್ಲ, ಈಗ ಹೇಳು, ಏನ್ ಮಾಡಲಿ ನಾನು? ಹೇಳು!"

ಅವಳು ಅಳಲಿಲ್ಲ. ಅತ್ತಿದ್ದರೆ ಹತ್ತಿರ ಹೋಗಬಹುದಿತ್ತು. ಕಾರಿನ ಕೀ ತೆಗೆದುಕೊಂಡಳು, ಕಾರಿನಲ್ಲಿ ಹೋಗಿ ಸೇರುವ ದೂರವಲ್ಲ ಎಂದು ನೆನಪಾಯಿತೋ ಏನೋ, ಮತ್ತೆ ಇಟ್ಟಳು. ಸಂಜೆವರೆಗೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾನು ಮಾಡಿದ ಸಾರು ಒಲೆಯ ಮೇಲೆ ಹಾಗೇ ತಣ್ಣಗಾಯಿತು. ಎದುರು ಮನೆಯ ಮುದುಕ ನಾಯಿ ಹಿಡಿದುಕೊಂಡು ಹೋಗುತ್ತ ಕಿಟಕಿಯಲ್ಲಿ ನನ್ನನ್ನು ಕಂಡು, ಹ್ಯಾಂಡಲ್ ಹಿಡಿದ ಹಾಗೆ ಕೈ ಮಾಡಿ, ಹೇಗಿದ್ದಾಳೆ ಎಂದು ಹುಬ್ಬು ಹಾರಿಸಿದ. ಪರದೆ ಎಳೆದುಬಿಟ್ಟೆ.

ಆ ರಾತ್ರಿ ಎರಡು ಗಂಟೆಗೆ, ಅಲ್ಲಿ ಬುಧವಾರ ಬೆಳಿಗ್ಗೆ ಹತ್ತಕ್ಕೆ, ಗೊತ್ತಿಲ್ಲದ ನಂಬರಿನಿಂದ ಫೋನು ಬಂತು. ಮಗಳು ತೆಗೆದು ಸ್ಪೀಕರಿಗೆ ಹಾಕಿದಳು.

"ಮಾಮ್? ಅಜ್ಜಿ?"

ಮಗಳು ನೆಲದ ಮೇಲೇ ಕೂತುಬಿಟ್ಟಳು. ನನ್ನ ಬಾಯಿಂದ ಏನೋ ಸದ್ದು ಬಂತು, ಅದು ಮಾತಲ್ಲ. ಏನು ಸಂತೋಷ ಅದು! ಈ ಮಗಳನ್ನು ಹೆತ್ತಾಗಲೂ ನನಗೆ ಅಂಥ ಸಂತೋಷ ಆಗಿರಲಿಲ್ಲ. ಫೋನಿಗೇ ಮುತ್ತು ಕೊಟ್ಟೆ.

ಅವಳ ಫೋನಿನೊಳಗೆ ಮಳೆ ನೀರು ಹೋಗಿ ಸತ್ತಿತ್ತಂತೆ. ಈಗ ಹಾಸ್ಟೆಲಿನವರ ಫೋನಿನಿಂದ ಮಾಡಿದ್ದಳು. ಗುಡ್ಡದ ತುದಿ ಮುಟ್ಟಿದಾಗ ಮಂಜು. ಇಳಿಯಲು ಶುರುಮಾಡಿ ಮೊದಲ ತಿರುವಿನಲ್ಲಿ ಬ್ರೇಕ್ ಹಿಡಿದರೆ ಸೈಕಲ್ ಕೇಳಲೇ ಇಲ್ಲ.

"ಸ್ಟಾಪೇ ಆಗ್ಲಿಲ್ಲ ಅಜ್ಜಿ. ಎರಡು ಕಾಲೂ ಕೆಳಗೆ ಹಾಕ್ದೆ. ಆಮೇಲೆ ಹುಲ್ಲಿಗೆ ತಿರುಗಿಸಿ ಬಿದ್ದೆ. ಮಂಡಿ ಕಿತ್ತೋಗಿದೆ, ಬೇರೆ ಏನಿಲ್ಲ. ಅಲ್ಲೇ ಟೆಂಟ್ ಹಾಕ್ದೆ. ಇವತ್ತು ಫುಲ್ ನಡ್ಕೊಂಡೇ ಇಳಿದೆ, ಸೈಕಲ್ ಹಿಡ್ಕೊಂಡು."

"ಅದು ನಾನೇ ಕಣೇ ಮಾಡಿದ್ದು," ಎಂದೆ. ಆ ತಟ್ಟೆ ಬ್ರೇಕು ಅಂತ ಗೊತ್ತಿಲ್ಲದೆ ಎಣ್ಣೆ ಹಚ್ಚಿದೆ ಎಂದು ಹೇಳಿದೆ.

ಅವಳು ನಕ್ಕುಬಿಟ್ಟಳು. "ಅದಕ್ಕೇ ಟೆಂಟಲ್ಲಿ ಕೊಬ್ಬರಿ ಮಿಠಾಯಿ ವಾಸನೆ!" ನಗುತ್ತ ನಗುತ್ತ ದನಿ ಒಡೆಯಿತು. "ತುಂಬಾ ಭಯ ಆಯ್ತು ಅಜ್ಜಿ. ತುಂಬಾ," ಎಂದು ಬಿಕ್ಕಳಿಸಿ ಅಳಲು ಶುರುಮಾಡಿದಳು. ಆ ಅಳುವಿನ ಮುಂದೆ ನಾನು ಹಿಂದಿನ ದಿನ ಪಟ್ಟ ಸಂಕಟ ಏನೂ ಅಲ್ಲ ಅನಿಸಿತು.

ಮಗಳು ಫೋನು ಕಸಿದುಕೊಂಡು, "ಇನಫ್. ಟಿಕೆಟ್ ಮಾಡ್ತೀನಿ, ನಾಳೇನೇ ವಾಪಸ್ ಬಾ," ಎಂದಳು. ಆ ಕಡೆಯಿಂದ ಅವಳು ಬರುವುದಿಲ್ಲ ಎಂದಳು. ಇಬ್ಬರೂ ಇಂಗ್ಲಿಷಿನಲ್ಲಿ ಕಚ್ಚಾಡಿದರು. ಕೊನೆಗೆ ಮೊಮ್ಮಗಳು, "ಗಿವ್ ಇಟ್ ಟು ಅಜ್ಜಿ," ಎಂದಳು.

"ಅಜ್ಜಿ, ನೀನು ಹೇಳು. ಬರ್ಲಾ? ನೀನು ಬಾ ಅಂದ್ರೆ ಬರ್ತೀನಿ."

ಮಗಳು ನನ್ನನ್ನೇ ನೋಡುತ್ತಿದ್ದಳು. ಹೇಳು ಎಂದು ಕಣ್ಣಲ್ಲೇ ಬೇಡಿದಳು. ಬಾ ಎನ್ನಲು ನನ್ನ ಜೀವವೂ ಕಿರುಚುತ್ತಿತ್ತು. ಬಾ ಎಂದರೆ ಮೂರು ದಿನದಲ್ಲಿ ನನ್ನ ಮಡಿಲಲ್ಲಿ ಇರುತ್ತಾಳೆ. ಆದರೆ ಹತ್ತಲು ಅವಳಿಗೆ ಏನೂ ಅಡ್ಡಿಯಾಗಲಿಲ್ಲ. ಕೆಟ್ಟದ್ದು ನಾನು ಮಾಡಿದ್ದು ಒಂದೇ. ನನ್ನ ತಪ್ಪಿಗೆ ಅವಳ ದಾರಿ ಮೊಟಕು ಮಾಡಲು ನನಗೆ ಬಾಯಿ ಬರಲಿಲ್ಲ.

"ಬ್ರೇಕ್ ಸರಿ ಆಗೋವರೆಗೂ ಸೈಕಲ್ ಹತ್ತಬೇಡ," ಎಂದೆ. "ರಿಪೇರಿ ಅಂಗಡಿ ಇರೋ ಊರಿಗೆ ಯಾರ ವ್ಯಾನಲ್ಲಾದ್ರೂ ಹಾಕ್ಕೊಂಡು ಹೋಗು. ಹಳೇ ಪ್ಯಾಡು ಎಸೆದುಬಿಡು, ಒರೆಸಿ ಮತ್ತೆ ಹಾಕೋಕೆ ಬಿಡಬೇಡ. ತಟ್ಟೆ ಅವರೇ ತೊಳೀಲಿ. ನಿನ್ನ ಕಣ್ಣೆದುರಿಗೇ ಚಕ್ರ ತಿರುಗಿಸಿ ನಿಲ್ಲಿಸಿ ತೋರಿಸ್ಲಿ."

"ಆಮೇಲೆ?"

"ಆಮೇಲೆ ತುಳಿ."

ಮಗಳು ಮಹಡಿ ಹತ್ತಿ ಬಾಗಿಲು ಹಾಕಿಕೊಂಡಳು. ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮಾತಾಡಬೇಕು ಎಂದು ನಾನೂ ಕೇಳಲಿಲ್ಲ.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಎಂದು ಕೇಳಬೇಡಿ. ಪ್ಯಾಡು ಬದಲಾಯಿಸಿದೆ ಎಂದಳು, ಗಟ್ಟಿಯಾಗಿ ನಿಲ್ಲುತ್ತೆ ಎಂದಳು, ಫೋಟೋ ಕಳಿಸಿದಳು. ನನಗೆ ಫೋಟೋದಲ್ಲಿ ಬೆಟ್ಟವೂ ಕಾಣಲಿಲ್ಲ, ಸಮುದ್ರವೂ ಕಾಣಲಿಲ್ಲ. ಆ ತಟ್ಟೆ ಹೊಳೆಯುತ್ತಿದೆಯೇ ಎಂದು ಹತ್ತಿರ ಹಿಡಿದು ನೋಡುತ್ತಿದ್ದೆ. ನದಿ ಪಕ್ಕದ ಅಂಗಡಿಗೆ ಒಂದು ಸಲ ಹೋದೆ. ಆ ಹೆಂಗಸಿಗೆ ಹೇಳಬೇಕಿತ್ತು, ನನ್ನ ಕಸುಬಿನವಳು ಅವಳೊಬ್ಬಳೇ. ಎರಡು ಬೆರಳಲ್ಲಿ ಇಳಿಜಾರು ನಡೆದುಬರುವ ಹಾಗೆ ಮಾಡಿ ತೋರಿಸಿದೆ. ಅವಳಿಗೆ ಎಷ್ಟು ತಿಳಿಯಿತೋ, ಅಪ್ಪಿಕೊಂಡಳು. ಒಂದು ಹೊಸ ಪ್ಯಾಡು ಕೊಟ್ಟು, ಸ್ಟ್ಯಾಂಡಿನ ಸೈಕಲ್ ತೋರಿಸಿ, ನೀನೇ ಹಾಕು ಎಂಬಂತೆ ಸ್ಪ್ಯಾನರ್ ಚಾಚಿದಳು. ನಾನು ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡು ಬಂದುಬಿಟ್ಟೆ.

ಮೊಮ್ಮಗಳು ಬಂದಳು. ವಿಮಾನ ನಿಲ್ದಾಣದಲ್ಲಿ ಅಷ್ಟು ಜನರ ನಡುವೆ ಅವಳ ಮಂಡಿಯ ಹಕ್ಕಳೆ ಮುಟ್ಟಿ ಮುಟ್ಟಿ ನೋಡಿದೆ, ಬಿಸಿಲಿಗೆ ಕಪ್ಪಾದ ಮೂಗು ಹಿಂಡಿದೆ, ನಗುತ್ತಲೇ ಅತ್ತೆ. ಮಗಳು, "ಸಾಕಮ್ಮ, ಬಿಡು, ಎಲ್ಲಾ ನೋಡ್ತಾವ್ರೆ," ಎಂದಳು. ನೋಡಲಿ! ಲೋಕವೇ ನೋಡಲಿ! ಒಬ್ಬಳೇ ಅಷ್ಟು ದೇಶ ತುಳಿದು ಬಂದ ಹುಡುಗಿ, ನನ್ನ ಮೊಮ್ಮಗಳು. ಅದನ್ನು ನೆನೆದರೆ ಈಗಲೂ ಎದೆ ತುಂಬಿ ಹೊರಗೆ ಚೆಲ್ಲುತ್ತದೆ.

ಆದರೆ ಅವಳ ಸೈಕಲ್ಲು ಡಬ್ಬದಲ್ಲೇ ಗ್ಯಾರೇಜಿನ ಮೂಲೆಯಲ್ಲಿದೆ. "ಅಜ್ಜಿ, ಯಾವಾಗ ಜೋಡಿಸ್ತೀಯಾ?" ಎಂದು ದಿನಾ ಕೇಳುತ್ತಾಳೆ. ನಾಳೆ ಎನ್ನುತ್ತೇನೆ. ನೀನೇ ಜೋಡಿಸಿಕೋ ಎಂದರೆ ಕೇಳುವುದಿಲ್ಲ. ರಾತ್ರಿ ಊಟಕ್ಕೆ ಮಜ್ಜಿಗೆ ಕಡೆಯುವಾಗ, ತರಕಾರಿ ಹೆಚ್ಚುವಾಗ, ಈ ಕೈ ಸರಿಯಾಗಿಯೇ ಇದೆ. ಆ ಡಬ್ಬದ ಹತ್ತಿರ ಹೋದರೆ ಸೆರಗಿನೊಳಗೆ ಸೇರಿಕೊಳ್ಳುತ್ತದೆ. ನಿನ್ನೆ ಅವಳು ಕತ್ತರಿ ತಂದು, ನಾನು ನೋಡುತ್ತಿದ್ದಂತೆಯೇ ಟೇಪನ್ನೆಲ್ಲ ಕತ್ತರಿಸಿ ಒಳಗೆ ಹೋದಳು. ಮುಚ್ಚಳವನ್ನು ನಾನು ಇನ್ನೂ ಎತ್ತಿಲ್ಲ.